ಸಾಬವ್ವನ ಕೂಗು

ಆಳಂದ, ೧೨ ಜುಲೈ ೧೯೪೩, ಸೋಮವಾರ

'ಕೂಲಿ ಕೇಳದ ಕೈ ದೇವರ ಕೈ.' ಹೀಗೇ ಇತ್ತೇ ಎಲ್ಲೋ ಓದಿದ ಆ ಸಾಲು? ಬರೆದವರು ಜೋಳದ ಬೆಲೆ ವಿಚಾರಿಸಿರಲಿಕ್ಕಿಲ್ಲ.

ಮನೆಮನೆಗೆ ಹೋಗಿ ಹುಡುಗಿಯರನ್ನು ನಾನು ಕಲಿಸುವ ಶಾಲೆಗೆ ಕರೆತರಬೇಕಾದ ಸಾಬವ್ವ, ಮೂರು ತಿಂಗಳಿಂದ ಓಣಿಯ ತುದಿಯಲ್ಲೇ ನಿಂತು ಒಮ್ಮೆ ಕೂಗಿ ಬರುತ್ತಿದ್ದಳು. ಹುಡುಗಿಯರು ಹನ್ನೊಂದಕ್ಕೆ ಇಳಿದರು. ಶಾಲೆ ಮುಚ್ಚುವ ಮಾತು ಬಂತು. ಸಾಬವ್ವನನ್ನು ಗದರಿದೆ.

"ಈ ಪಗಾರಕ್ಕ ಇಷ್ಟೇ ದನಿ ಬರ್ತದ್ರಿ, ಬಾಯಾರ" ಅಂದಳು.

ಸಿಟ್ಟು ಬಂತು, ಆಮೇಲೆ ನಾಚಿಕೆ. ಮೇಲಿನವರಿಗೆ ಅರ್ಜಿ ಬರೆದೆ.

ಶನಿವಾರ ಅವಳ ಪಗಾರ ಹೆಚ್ಚಿಸಿದ ಆದೇಶ ಬಂತು. ಇಂದು ಹೆಸರು ಹಚ್ಚಿದ ಹುಡುಗಿಯರ ಒಂದೊಂದು ಬಾಗಿಲಿಗೂ ಹೋಗಿ ಕೂಗಿದ್ದಾಳೆ. ಮೂವತ್ತನಾಲ್ಕು ಹುಡುಗಿಯರು! ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿದೆ. ಆದರೂ ಆ ಅರ್ಜಿಯನ್ನು ಮೊದಲೇ ಯಾಕೆ...

ಮಗಳನ್ನು ಈವರೆಗೆ ಶಾಲೆಗೆ ಕಳಿಸದ ಪಕ್ಕದ ಮನೆಯ ರುಕ್ಮಿಣಿಬಾಯಿ ಸಂಜೆ ಬಾಗಿಲಲ್ಲಿ ನಿಂತು ಹೇಳಿದಳು: "ಸಾಬವ್ವ ನಮ್ಮ ಮನಿ ಒಂದೇ ಬಿಟ್ಟು ಹೋದ್ಳಂತ ಹುಡುಗಿ ಮುಂಜಾನಿಂದ ಅಳಾಕತ್ತಾಳ್ರಿ. ನಾಳಿ ನಮ್ಮ ಬಾಗಿಲಿಗೂ ಕೂಗಂತ ಹೇಳ್ರಿ."