ತಾಳೆಗರಿಯ ನೆರಳಿನ ಮೀನು

ಬ್ರಸೆಲ್ಸ್,
ಮಾರ್ಚ್ ೧೪

ಪ್ರೀತಿಯ ಅಮ್ಮ,

ನೀನು ಕಳಿಸಿದ ಗಲ್ಲೆಟ್ಟಿ ಬಿಸ್ಕತ್ತು ಮುರಿಯದೆ ಬಂದು ತಲುಪಿತು. ನಾನು ಚೆನ್ನಾಗಿದ್ದೇನೆ. ವಿಸ್ತಿನ್ ಅಣ್ಣ ಸಂಜೆಯಿಂದ ಫೋನ್ ಮಾಡುತ್ತಲೇ ಇದ್ದಾನೆ, ನಾನು ಎತ್ತುತ್ತಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಅವನಿಗೆ ಆ ಹೊಸ ಕಾನೂನಿನದೇ ಚಿಂತೆ. ಇನ್ನು ಮುಂದೆ ಯೂರೋಪಿನ ಯಾವ ದೋಣಿಯೂ ನೀರಿನ ಮೇಲೆ ಏನನ್ನಾದರೂ ತೇಲಿಬಿಟ್ಟು, ಅದರ ನೆರಳಿಗೆ ಬರುವ ಮೀನು ಹಿಡಿಯುವಂತಿಲ್ಲ. ಬರೆದದ್ದು ದೂರದ ಸಾಗರಗಳ ದೊಡ್ಡ ಹಡಗುಗಳಿಗೆಂದು. ಹೋದ ತಿಂಗಳು ಆ ಹಡಗುಗಳ ದೇಶದ ಹೆಂಗಸು ಸಭೆಯಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು, ಅಷ್ಟೇ. ಊಟದ ಹೊತ್ತಿಗೆ ಅವರ ಹಡಗುಗಳಿಗೆ ವಿನಾಯಿತಿ ಸಿಕ್ಕಿತ್ತು. ಉಳಿದದ್ದು ಮಾಲ್ಟಾದಲ್ಲಿ ನಮ್ಮ ಮಾರ್ಸಶ್ಲೊಕ್ಕಿನ ದೋಣಿಗಳು ತೇಲಿಬಿಡುವ ತಾಳೆಗರಿ, ಅದರ ನೆರಳಿಗೆ ಬರುವ ಅಣ್ಣನ ಲಾಂಪುಕಿ ಮೀನು.

ಇಲ್ಲಿ ಒಂದು ಪದ್ಧತಿ ಇದೆ. ಕಾನೂನಿನ ಕರಡನ್ನು ಎಲ್ಲ ದೇಶಗಳಿಗೂ ಕಳಿಸುತ್ತಾರೆ; ನಮ್ಮ ದೇಶದ ಪರವಾಗಿ ಅದನ್ನು ನೋಡುವವಳು ನಾನು. ಗೊತ್ತುಮಾಡಿದ ಗಂಟೆಯೊಳಗೆ ಯಾರೂ ಬೇಡ ಎನ್ನದಿದ್ದರೆ ಎಲ್ಲರೂ ಒಪ್ಪಿದರೆಂದೇ ಲೆಕ್ಕ. ಒಬ್ಬರು ಬೇಡ ಎಂದರೂ ಸಾಕು, ಮತ್ತೆ ಚರ್ಚೆಗೆ ಬರುತ್ತದೆ. ಹೋದ ವಾರ ಅಣ್ಣನಿಗೆ ಇದನ್ನು ವಿವರಿಸಿದ್ದೇ ನಾನು. ಅವನು ನಕ್ಕು, “ಹಂಗಾದ್ರೆ ಒಂದ್ ಮಾತು ಬೇಡ ಅನ್ನು, ತಂಗಿ. ನಿನ್ನ ಅಲ್ಲಿ ಕೂರ್ಸಿರೋದು ಇನ್ಯಾತಕ್ಕೆ?” ಎಂದ. ಅನ್ನುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಬೆಳಿಗ್ಗೆಯೇ ಬೇಡ ಎಂದು ಬರೆದು ಇಲ್ಲಿನ ನಮ್ಮ ಹಿರಿಯ ಸಾಹೇಬರಿಗೆ ತೋರಿಸಿದೆ. ಅವರೇನೂ ರೇಗಲಿಲ್ಲ, ನನಗೂ ಕಾಫಿ ತರಿಸಿದರು. ಬೇಸಿಗೆಯಲ್ಲಿ ಕಡಲು ದಾಟಿ ನಮ್ಮ ದಡಕ್ಕೆ ಬರುವ ವಲಸಿಗರಲ್ಲಿ ಒಂದಷ್ಟು ಜನರನ್ನಾದರೂ ನಿಮ್ಮ ದೇಶಕ್ಕೆ ಕರೆದುಕೊಳ್ಳಿ ಎಂದು ನಾವು ಅದೇ ಕನ್ನಡಕದ ಹೆಂಗಸಿನ ಕಾಲು ಹಿಡಿಯಬೇಕಂತೆ.

“ನೋಡಮ್ಮ, ನಮ್ಮಂಥೋರಿಗೆ ವರ್ಷಕ್ಕೊಂದ್ ಸಲ ಬಾಯಿ ಬಿಡೋಕೆ ಅವಕಾಶ. ಅದನ್ನ ಮೀನಿಗೆ ಖರ್ಚು ಮಾಡ್ತೀಯಾ?” ಎಂದರು.

ಮಾಡಲಿಲ್ಲ. ಬರೆದದ್ದನ್ನು ಕಳಿಸದೆ ಗಡಿಯಾರ ನೋಡುತ್ತಾ ಕೂತೆ. ಹನ್ನೆರಡಾಯಿತು. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಹಸಿವಾಯಿತು, ನಿನ್ನ ಬಿಸ್ಕತ್ತು ತಿಂದೆ. ರುಚಿ ಗೊತ್ತಾಗಲಿಲ್ಲ. ಸಂಜೆ ಆ ಕನ್ನಡಕದ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿ, ಮಾಲ್ಟಾದಲ್ಲಿ ಈಗ ಒಳ್ಳೆ ಬಿಸಿಲಲ್ಲವೇ ಎಂದು ಕೇಳಿದಳು. ಹೌದು ಎಂದೆ.

ಈ ವರ್ಷ ಅಣ್ಣ ತಾಳೆಗರಿ ಕಡಿಯುವುದು ಬೇಡ. ನೀನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ ಮಗಳು,
ಗ್ರಾಜಿಯೆಲ್ಲಾ

ತಾ.ಕ.: ಅಣ್ಣ ಕೇಳಿದರೆ, ‘ನಿನ್ನ ತಂಗಿ ಬೇಡವೆಂದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ’ ಎಂದು ಹೇಳಿಬಿಡು. ನಂಬುತ್ತಾನೆ. ನಮ್ಮ ಮಾತು ಇಲ್ಲಿ ಎಂದಾದರೂ ನಡೆದಿದೆಯೇ?