ಗೋಡೆ ಒಡೆಯುವ ಮುಂಚೆ

ಕಳಮಶ್ಶೇರಿ
೧೨-೨-೧೯೭೧, ಶುಕ್ರವಾರ

ನಮ್ಮ ಮನೆತನದ ಮೊದಲ ಡಾಕ್ಟರಮ್ಮ ಪ್ರೇಮಳಿಗೆ,

ಸೋದರಮಾವ ಸುಬ್ರಾಯನ ಆಶೀರ್ವಾದ. ಹೇಗಿದ್ದೀ ಮಗಳೇ? ತಿರುವನಂತಪುರದ ಹಾಸ್ಟೆಲಿನವರು ಮಜ್ಜಿಗೆಗೆ ನೀರು ಹೊಯ್ಯುವುದನ್ನು ಬಿಟ್ಟರಾ, ಅಥವಾ ಈಗ ನೀರಿಗೇ ಮಜ್ಜಿಗೆ ಹೊಯ್ಯುತ್ತಾರಾ? ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಒತ್ತಿ ಕೂತರೆ ತಲೆನೋವು ಬರುತ್ತದೆ, ರಾತ್ರಿ ನೆತ್ತಿಗೆ ಎಣ್ಣೆ ಹಾಕಿಕೋ. ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಅದನ್ನು ಬರೆಯಲು ಕೈ ಬರುತ್ತಿಲ್ಲ. ಎರಡು ಸಲ ಬರೆದು ಹೊಡೆದು ಹಾಕಿದೆ.

ಮೊದಲು ನನ್ನ ಪಾಠ ಒಪ್ಪಿಸುತ್ತೇನೆ, ತಪ್ಪಿದ್ದರೆ ಕಿವಿ ಹಿಂಡು. ಡಿಸೆಂಬರಿನಲ್ಲಿ ನೀನು ಬಂದಿದ್ದಾಗ ಹೆಂಗಸರ ಎದೆಯ ಸಂಗತಿಯನ್ನು ಮಾವನೆದುರು ಹೇಗೆ ಹೇಳುವುದೆಂದು ತಡವರಿಸಿದೆ. ನಾನು ಬಿಡಬೇಕಲ್ಲ! ಹಾಲಿನ ನಾಳದ ಒಳಗೇ ಹುಟ್ಟಿ, ಅಲ್ಲೇ ಸತ್ತು, ಗಟ್ಟಿಯಾಗಿ ತುಂಬಿಕೊಳ್ಳುವ ಒಂದು ಜಾತಿಯ ಕ್ಯಾನ್ಸರ್. ಕೊಯ್ದ ತುಂಡನ್ನು ಒತ್ತಿದರೆ, ಮೂಗಿನ ಮೇಲಿನ ಕಪ್ಪು ಚುಕ್ಕೆ ಹಿಂಡಿದಾಗ ಬರುವ ಹಾಗೆ ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಅದಕ್ಕೇ ಆ ಚುಕ್ಕೆಗೆ ದೊರೆಗಳ ಇಂಗ್ಲಿಷಿನಲ್ಲಿರುವ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ, ಕಾಮಿಡೋ ಅಂತ. ನಾಳದ ಗೋಡೆ ಒಡೆಯುವ ಮುಂಚೆ ಸಿಕ್ಕಿದರೆ ಕೊಯ್ದು ತೆಗೆದು ಬದುಕಿಸಬಹುದು. ಒಡೆದು ಹೊರಗೆ ಬಂದರೆ ಕಷ್ಟ. ಹೌದೋ ಅಲ್ಲವೋ? ಎಂಟನೇ ಕ್ಲಾಸಿನ ತಲೆ ಇದು, ನಮ್ಮ ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಇಂಜಿನಿಯರುಗಳೂ ಇದನ್ನು ಕೇಳಿ ಬಾಯಿ ಬಿಟ್ಟರು. ಸಂಕ್ರಾಂತಿಗೆ ಎರ್ನಾಕುಲಂನ ಕನ್ನಡ ಸಂಘದಲ್ಲಿ ಬ್ಯಾಂಕಿನ ರಾಮದಾಸರಾಯರನ್ನು ಕೂರಿಸಿ ನಾನೇ ಭಾಷಣ ಮಾಡಿದೆ. ನಿನ್ನ ದಾಕ್ಷಾಯಣಿ ಅತ್ತೆ ಎಲ್ಲರೆದುರು, "ಡಾಕ್ಟರ್ ಸುಬ್ರಾಯರಿಗೆ ಎಳ್ಳುಬೆಲ್ಲ ಜಾಸ್ತಿ ಹಾಕಿ, ಬಾಯಿ ಸ್ವಲ್ಪ ಹೊತ್ತು ಮುಚ್ಚಿರಲಿ" ಎಂದು ಗೇಲಿ ಮಾಡಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು ಪ್ರೇಮಾ, ಅದೇ ಈಗ ನನ್ನನ್ನು ಕೊರೆಯುವುದು.

ಯಾಕೆಂದರೆ ಹೋದ ವಾರ ಹಗ್ಗದ ಮೇಲಿದ್ದ ಅವಳ ಬಿಳಿ ರವಿಕೆ ತೆಗೆದಾಗ ಎದೆಯ ಭಾಗದ ಒಳಮೈಯಲ್ಲಿ ಒಂದು ಕಂದು ಕಲೆ ಕಂಡೆ. ಇದೇನೇ ಎಂದರೆ, ಎಲೆಯಡಿಕೆ ರಸ ಎಂದಳು. ಎಲೆಯಡಿಕೆಯನ್ನು ಅವಳು ಬಿಟ್ಟಾಗಿದೆಯಲ್ಲ! ನಮ್ಮ ನಿರ್ಮಲಳಿಗೆ ಗಂಡು ಕೂಡಿಬಂದರೆ ಮದುವೆಯ ದಿನದವರೆಗೆ ಬಾಯಿಗೆ ಹಾಕುವುದಿಲ್ಲ ಎಂದು ಹರಕೆ ಹೊತ್ತವಳು. ಮಗಳ ನಿಶ್ಚಯದ ತಾಂಬೂಲವನ್ನೂ ಮೂಸಿ ಇಟ್ಟಳು. ಹರಕೆ ಮುರಿಯುವ ಹೆಂಗಸಲ್ಲ. ಹಾಗಾದರೆ ಸುಳ್ಳು ಹೇಳಿದ್ದಾಳೆ. ಆಮೇಲೆ ಗಮನಿಸಿದೆ, ರವಿಕೆಗಳನ್ನು ಮಡಿವಾಳನಿಗೆ ಕೊಡುತ್ತಿಲ್ಲ, ಬಚ್ಚಲಿನಲ್ಲಿ ತಾನೇ ತಿಕ್ಕುತ್ತಾಳೆ. ಊರೆಲ್ಲ ಕೇಳುವಂತೆ ಮಾತಾಡುವ ನನಗೆ ಸ್ವಂತ ಹೆಂಡತಿಯನ್ನು ಕೇಳಲು ನಾಲಗೆ ಏಳಲಿಲ್ಲ. ಕೊನೆಗೆ ಕೇಳಿದಾಗ, "ಮದುವೆ ಮುಗಿಯಲಿ, ಆಮೇಲೆ ನೋಡುವ" ಎಂದು ಒಗ್ಗರಣೆ ಸಿಡಿಸಿದಳು. ಇಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ಕಂಡರೆ ಸಂಘದ ಹೆಂಗಸರ ಬಾಯಿಂದ ಮಂಗಳೂರಿನ ಬೀಗರವರೆಗೆ ಹೋಗುತ್ತದೆ, ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಸಂಬಂಧ ಮುರಿಯುತ್ತಾರೆ ಎಂಬುದು ಅವಳ ಭಯ. ಮದುವೆ ಇರುವುದು ವೈಶಾಖದಲ್ಲಿ. ಅಲ್ಲಿಯವರೆಗೆ ಆ ಗೋಡೆ ಕಾಯುತ್ತದೆಯಾ? ಕೂತಲ್ಲಿ ಕೂರಲಾಗುತ್ತಿಲ್ಲ. ಅವಳು ಕೆಮ್ಮಿದರೂ ಅಡುಗೆಮನೆಗೆ ಓಡುತ್ತೇನೆ, ಅಲ್ಲಿ ಹೋಗಿ ನೀರು ಬೇಕಿತ್ತು ಎನ್ನುತ್ತೇನೆ. ಈಗಾಗಲೇ ನಾಲ್ಕಾಳಿನ ನೀರು ಕುಡಿದಿದ್ದೇನೆ.

ಆದರೆ ನಿನ್ನ ಮಾವ ಸುಮ್ಮನೆ ಕೂರುವವನೇ? ಒಂದು ಉಪಾಯ ಹೂಡಿದ್ದೇನೆ. ಮೊದಲ ಲಗ್ನಪತ್ರಿಕೆ ದೇವರಿಗೆ ಕೊಡುವುದು ಪದ್ಧತಿಯಲ್ಲವೇ? ಅದನ್ನು ತಿರುವನಂತಪುರದ ಅನಂತಪದ್ಮನಾಭನ ಮುಂದೆಯೇ ಇಡಬೇಕು, ಕನಸು ಬಿದ್ದಿದೆ ಎಂದು ಕಣ್ಣು ಮುಚ್ಚಿ ಹೇಳಿದೆ. ತಕ್ಷಣ ಹೊರಡುವ ಎಂದಳು. ಎಂಥ ಚಾಣಕ್ಯ ನೋಡು ನಾನು! ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇವೆ. ದರ್ಶನ ಮುಗಿಸಿ ನಿನ್ನನ್ನು ನೋಡುವ ನೆಪದಲ್ಲಿ ಕರೆತರುತ್ತೇನೆ. ಮುಂದಿನದು ನಿನಗೆ ಬಿಟ್ಟದ್ದು. ನೀನೇ ಮುಟ್ಟಿ ನೋಡು, ಇಲ್ಲವೇ ನಿನ್ನ ದೊಡ್ಡ ಡಾಕ್ಟರಮ್ಮನಿಗೆ ತೋರಿಸು. ಗಂಡಸು ಡಾಕ್ಟರು ಮಾತ್ರ ಬೇಡ, ಅರ್ಧ ದಾರಿಗೇ ಎದ್ದು ಬರುತ್ತಾಳೆ. ಕೊಯ್ಯಲೇಬೇಕು ಎಂದಾದರೆ ಮದುವೆ ಮುಂದೆ ಹಾಕುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ, ಬೀಗರ ಕಾಲು ಹಿಡಿಯಲೂ ಸಿದ್ಧ.

ದೇವರು ನಿನ್ನ ಕೈಗೆ ಗುಣ ಕೊಡಲಿ. ಅವನ ಊರಿನಲ್ಲೇ ಇದ್ದೀ, ಬೆಳಿಗ್ಗೆ ಒಮ್ಮೆ ಹೋಗಿ ನೆನಪಿಸು.

ಇಂತು ನಿನ್ನ ಮಾವ,
ಸುಬ್ರಾಯ

ಮರೆತ ಮಾತು: ಕವರು ಅಂಟಿಸುವಷ್ಟರಲ್ಲಿ ಅತ್ತೆ ಬಂದು ನಿಂತಳು. "ಲಗ್ನಪತ್ರಿಕೆ ಇನ್ನೂ ಅಚ್ಚಿಗೇ ಹೋಗಿಲ್ಲ, ದೇವರಿಗೆ ಏನು ಕೊಡುತ್ತೀರಿ, ನಿಮ್ಮ ತಲೆಯಾ?" ಎಂದಳು. ನನ್ನ ಉಪಾಯ ಮೊದಲೇ ಗೊತ್ತಿತ್ತಂತೆ. ನಾನು ಬಾಯಿ ತೆರೆಯುವ ಮೊದಲೇ, ಬರೆಯಿರಿ ಎಂದಳು: ಎಡಗಡೆ, ದೀಪಾವಳಿಯಿಂದ, ನೋವಿಲ್ಲ. ಅಂದರೆ ನೀನು ಪಾಠ ಹೇಳಿದ ದಿನವೂ ಅವಳಿಗೆ ಗೊತ್ತಿತ್ತು. ಚೀಲಕ್ಕೆ ನಾಲ್ಕು ಸೀರೆ ಹಾಕಿದ್ದಾಳೆ. ದರ್ಶನಕ್ಕೆ ಒಂದು ಸಾಕಿತ್ತು. ಏನೇ ಇದ್ದರೂ ಮೊದಲು ತನಗೆ ಹೇಳಬೇಕಂತೆ, ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬೇಕಂತೆ. ಕೂರುತ್ತೇನೆ. ಯಾರ ಹತ್ತಿರವೂ ಮಾತಾಡುವುದಿಲ್ಲ.