ಬೈಬಲ್ಲಿನಲ್ಲಿ ಅಮ್ಮನ ವಯಸ್ಸು

ಲೂಯಿವಿಲ್, ಏಪ್ರಿಲ್ ೧೯೩೯

ಲೊರೀನಕ್ಕಾ,

ಬಸ್ಸಿನಲ್ಲಿ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ಮನೆಯವರ ಹುಟ್ಟು, ಮದುವೆ ಬರೆದಿಟ್ಟ, ಅಜ್ಜ ದಾನ ಕೊಟ್ಟ ನಮ್ಮ ಬೈಬಲ್ಲು ಇಲ್ಲಿನ ದಾಖಲೆ ಭಂಡಾರದಲ್ಲಿದೆ, ನಮಗೇ ಮುಟ್ಟಗೊಡುವುದಿಲ್ಲ. ನನ್ನ ಪೆನ್ನನ್ನೂ ಕಿತ್ತಿಟ್ಟುಕೊಂಡರು. ಅಲ್ಲಿನ ಹೆಂಗಸಿಗೆ, ಕಾಡು ಕಡಿದು ಹೆಸರಾದ ಮುತ್ತಾತ ಕರ್ನಲ್ ಟ್ಯಾಕೆಟ್ಟ ಅದರಲ್ಲಿ ಹಾಕಿದ ರುಜುವಿನದೇ ಮಾತು.

"ಅವ್ನು ಸತ್ತು ಯಾವ ಕಾಲ ಆಯ್ತು! ನಂಗೆ ಅಮ್ಮ ಹುಟ್ಟಿದ ತಾರೀಖು ಬೇಕು, ಪಿಂಚಣಿಗೆ" ಎಂದು ಗೋಗರೆದೆ.

ಕೊನೆಗೆ ಪುಟ ತೆರೆದಳು. ಅಜ್ಜಿಯ ಮದುವೆ ೧೮೭೩ರ ಡಿಸೆಂಬರ್. ಅಮ್ಮ ಹುಟ್ಟಿದ್ದು ಮರುವರ್ಷದ ಮಾರ್ಚ್‌ನಲ್ಲಿ. ಅಜ್ಜಿ ಆ ೭೪ನ್ನು ಚಾಕುವಿನಿಂದ ಕೆರೆದು ೭೫ ಮಾಡಿಟ್ಟಿದ್ದಾಳೆ! ತಿಂಗಳು ನೀನೇ ಎಣಿಸು. ಈ ಕಾರ್ಡು ಓದುವ ಅಂಚೆಯ ಮಿನರ್ವಳೂ ಎಣಿಸಲಿ. ಕೆರೆದದ್ದನ್ನೇ ನಕಲು ಮಾಡಿದರೆ ಅಮ್ಮನಿಗೆ ಪಿಂಚಣಿಯ ಅರವತ್ತೈದು ತುಂಬಲು ಇನ್ನೂ ವರ್ಷ ಕಾಯಬೇಕು.

"ಕೆರೆದಿರೋದು ಚೆನ್ನಾಗೇ ಕಾಣ್ಸುತ್ತೆ. ಅದನ್ನೂ ಬರ್ದು ಮುದ್ರೆ ಹಾಕ್ಲಾ? ಆದ್ರೆ ನಿಮ್ಮಜ್ಜಿ ಮರ್ಯಾದೆ ಕಚೇರಿ ಮೆಟ್ಟಿಲು ಹತ್ತುತ್ತಮ್ಮಾ" ಎಂದಳು.

"ಹಾಕು ತಾಯಿ. ಅಜ್ಜಿ ಮಣ್ಣಲ್ಲಿದ್ದಾಳೆ, ಅಮ್ಮ ಹಸಿದಿದ್ದಾಳೆ" ಎಂದೆ.

ಶುಕ್ರವಾರ ಕಾಗದದೊಂದಿಗೆ ಬರುತ್ತೇನೆ. ಅಷ್ಟರೊಳಗೆ ಅಮ್ಮನಿಗೆ ನೀನೇ ಹೇಳಿಬಿಡು, ನನ್ನ ಕೈಲಾಗದು.

ತಂಗಿ ವರ್ಡಿ